ಅಗಳಿನಾಚೆಯ ತೋಟಗಳು

ವಸಂತಕಾಲದಲ್ಲಿ ಯೂರೋಪಿಗೆ ಹೋದ ಕನ್ನಡಿಗರಲ್ಲಿ, ನೆದರ್ಲೆಂಡ್ಸ್ ದೇಶದ ಲಿಸ್ಸೆ ಎಂಬ ಊರನ್ನು ಹೊಕ್ಕು, ವರ್ಷಕ್ಕೆ ಎಂಟು ವಾರ ಮಾತ್ರ ಬಾಗಿಲು ತೆರೆದಿರುವ ಕ್ಯೂಕೆನ್‌ಹೋಫ್ ಪುಷ್ಪೋದ್ಯಾನದಲ್ಲಿ 70 ಲಕ್ಷ ಗೆಡ್ಡೆಗಳಿಂದ ಎದ್ದುನಿಂತ ಟ್ಯೂಲಿಪ್ ಮೊದಲಾದ ಹೂಗಳ ನಡುವೆ ಅರ್ಧ ದಿನ ಕಳೆಯದೆ ಮರಳಿದವರು ವಿರಳ. 1981ರಲ್ಲಿ ತೆರೆಕಂಡ 'ಸಿಲ್ಸಿಲಾ' ಎಂಬ ಹಿಂದಿ ಚಿತ್ರದಲ್ಲಿ ಆ ಹೂಗಳನ್ನು ಮೊದಲು ಕಂಡ ತಲೆಮಾರಿನವರಿಗಂತೂ ಅದು ಬಹುಕಾಲದ ಬಯಕೆಯೊಂದರ ಪೂರೈಕೆ. ಅವರ ಆನಂದವನ್ನು ನಾನು ಕಡೆಗಣಿಸಲಾರೆ. ಅಷ್ಟೊಂದು ಬಣ್ಣವನ್ನು ಒಂದೆಡೆ ಕಾಣುವ ಭಾಗ್ಯ ಕಣ್ಣಿಗೆ ಮತ್ತೆ ಮತ್ತೆ ಒದಗುವುದಿಲ್ಲ. ಆದರೆ ಆ ಉದ್ಯಾನದಿಂದ ಹೊರಬಿದ್ದು ಒಂದು ರಸ್ತೆಯನ್ನು ದಾಟಿದರೆ, ಮರಗಳ ಮರೆಯಲ್ಲಿ, ಕ್ಯೂಕೆನ್‌ಹೋಫ್ ಎಂಬ ಆ ಹೆಸರಿಗೇ ಒಡೆಯನಾದ ಕೋಟೆಮನೆಯೊಂದು ನಿಂತಿದೆ. ಕ್ಯೂಕೆನ್ ಎಂದರೆ ಅಡುಗೆಮನೆ, ಹೋಫ್ ಎಂದರೆ ಹಿತ್ತಿಲು. ಹದಿನೈದನೆಯ ಶತಮಾನದಲ್ಲಿ ಸಮೀಪದ ಟೈಲಿಂಗೆನ್ ಕೋಟೆಯಲ್ಲಿ ವಾಸವಾಗಿದ್ದು 1436ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದ ರಾಜಪುತ್ರಿ ಯಾಕೋಬಾಳ ಅಡುಗೆಮನೆಗೆ ಸೊಪ್ಪು ತರಕಾರಿಗಳನ್ನೂ ಬೇಟೆಯ ಮಾಂಸವನ್ನೂ ಒದಗಿಸುತ್ತಿದ್ದ ನೆಲವದು. ಈಗಿನ ಮನೆ ಎದ್ದದ್ದು 1641-42ರಲ್ಲಿ. ಅದರ ಸುತ್ತಣ ವನವನ್ನು 1857ರಲ್ಲಿ ರೂಪಿಸಿದವರು ಜೋಖರ್ ತಂದೆಮಕ್ಕಳು. ಜನರೆಲ್ಲ ಮುಗಿಬೀಳುವ ಹೂವಿನ ಪ್ರದರ್ಶನವಾದರೋ 1950ರಿಂದೀಚಿನದು. ಬಸ್ಸುಗಳು ಸಾಲುಸಾಲಾಗಿ ಬಂದು ಹೋಗುತ್ತವೆ, ಆ ರಸ್ತೆಯನ್ನು ದಾಟುವ ಯಾತ್ರಿಕರು ಮಾತ್ರ ಬೆರಳೆಣಿಕೆಯಷ್ಟು. ಅವರು ದಾಟಬೇಕೆಂಬುದೇ ನನ್ನ ಈ ಲೇಖನದ ವಿಜ್ಞಾಪನೆ.

ಡಚ್ಚರ ನಾಡಿನ ಬಹುಭಾಗದಲ್ಲಿ ಬೆಟ್ಟವಿಲ್ಲ, ಕಟ್ಟಡಕ್ಕೊದಗುವ ಕಲ್ಲಿಲ್ಲ. ನಮ್ಮ ಅರ್ಥಶಾಸ್ತ್ರಕಾರನು ದುರ್ಗಗಳನ್ನು ಔದಕ, ಪಾರ್ವತ, ಧಾನ್ವನ, ವನದುರ್ಗಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಿದನಷ್ಟೆ. ಆ ನಾಲ್ಕರಲ್ಲಿ ಡಚ್ಚರಿಗೆ ಸಹಜವಾಗಿ ಒಲಿದುಬಂದದ್ದು ಮೊದಲನೆಯದು, ಜಲದುರ್ಗ. ಚಿತ್ರದುರ್ಗದ ಬಂಡೆಗಳನ್ನು ಏರಿಳಿದು ಕೋಟೆಯೆಂದರೆ ಎತ್ತರವೆಂದು ಬಗೆದ ನಮಗೆ, ನೆಲಮಟ್ಟದಲ್ಲಿ, ಸುತ್ತಲೂ ನಿಂತ ನೀರಿನಲ್ಲಿ ತನ್ನ ಪ್ರತಿಬಿಂಬವನ್ನು ತಾನೇ ನೋಡಿಕೊಳ್ಳುತ್ತ ಕುಳಿತ ಈ ಇಟ್ಟಿಗೆಯ ಕೋಟೆಗಳು ಮೊದಲ ನೋಟಕ್ಕೆ ಗಂಭೀರವೆನಿಸದೆ ಹೋಗಬಹುದು. ಆದರೆ ಆ ಅಗಳು ಶತ್ರುವನ್ನು ದೂರವಿರಿಸುವುದಕ್ಕಾಗಿ ಮಾತ್ರ ಇದ್ದುದಲ್ಲ. ಮೆತ್ತನೆಯ ಮಣ್ಣಿನಲ್ಲಿ ಮರದ ಕಂಬಗಳನ್ನು ನಾಟಿ ಅವುಗಳ ಮೇಲೆ ತಳಪಾಯವನ್ನಿಟ್ಟ ಕಟ್ಟಡಗಳು ಅಲ್ಲಿ ಎಷ್ಟೋ ಇವೆ; ನೀರಿನಲ್ಲಿ ಮುಳುಗಿರುವವರೆಗೆ ಆ ಕಂಬಗಳು ಶತಮಾನಗಳ ಕಾಲ ಕೆಡುವುದಿಲ್ಲ, ನೀರು ತಗ್ಗಿ ಗಾಳಿ ಸೋಕಿತೆಂದರೆ ಕೊಳೆಯತೊಡಗುತ್ತವೆ. ಆದುದರಿಂದ 2018ರಂತಹ ಬರದ ಬೇಸಗೆಯಲ್ಲಿ ಅಲ್ಲಿಯ ಪಾಲಕರಿಗೆ ಹೂವು ಬಾಡುವ ಚಿಂತೆಗಿಂತ ಅಗಳಿನ ನೀರು ಇಳಿಯುವ ಚಿಂತೆಯೇ ಹಿರಿದು. ನೀರು, ಮನೆ, ತೋಟ ಈ ಮೂರೂ ಅಲ್ಲಿ ಒಂದೇ ದೇಹದ ಅಂಗಗಳು. ಮನೆಯೊಳಗಣ ಮಂಚ ಕುರ್ಚಿ ಭಾವಚಿತ್ರಗಳನ್ನು ಮಾತ್ರ ನೋಡಿ ಹಿಂದಿರುಗಿದವರು ಆ ಸ್ಥಳದ ಅರ್ಧವನ್ನೂ ಕಂಡಂತಾಗಲಿಲ್ಲ.

ಇದಕ್ಕೆ ವೆಕ್ಟ್ ನದಿಯ ಮುಖದಲ್ಲಿರುವ ಮಾಯ್ಡರ್‌ಸ್ಲಾಟ್ ಒಳ್ಳೆಯ ನಿದರ್ಶನ. 1285ರ ಸುಮಾರಿಗೆ ಹಾಲೆಂಡಿನ ಕೌಂಟ್ ಐದನೆಯ ಫ್ಲೋರಿಸನು ಇದನ್ನು ಕಟ್ಟಿಸಿದನು. 1296ರಲ್ಲಿ ತನ್ನ ಸಾಮಂತರ ಕೈಗೆ ಸಿಕ್ಕಿ ಇದೇ ಕೋಟೆಯಲ್ಲಿ ಸೆರೆಯಾಗಿ, ಅವರಿಂದಲೇ ಹತನಾದನು. ಈ ರಕ್ತದ ಕಥೆಯನ್ನು ಎಲ್ಲ ಯಾತ್ರಿಕರಿಗೂ ಹೇಳುತ್ತಾರೆ. ಆದರೆ ನನ್ನ ಮನಸ್ಸಿಗೆ ಹತ್ತಿದವನು 1609ರಿಂದ 1647ರವರೆಗೆ ಅಲ್ಲಿ ಅಧಿಕಾರಿಯಾಗಿ, ಬೇಸಗೆಯನ್ನು ಆ ಗೋಡೆಗಳೊಳಗೆ ಕಳೆಯುತ್ತಿದ್ದ ಕವಿ, ಇತಿಹಾಸಕಾರ ಹೋಫ್ಟ್. ತೋಟದಲ್ಲಿ ಪ್ಲಮ್ ಹಣ್ಣುಗಳು ಪಕ್ವವಾಗುವ ಹೊತ್ತಿಗೆ ಕವಿಗಳನ್ನೂ ಗಾಯಕರನ್ನೂ ಪಂಡಿತರನ್ನೂ ಬರಮಾಡಿಕೊಂಡು ಸತ್ಕರಿಸುತ್ತಿದ್ದ ಆತನ ಕಾಲವನ್ನು ನೆನಪಿಗೆ ತರುವಂತೆ ಇಂದಿಗೂ ಅಲ್ಲಿ ಪ್ಲಮ್ ಮರಗಳ ತೋಪನ್ನೂ ಕಾಯಿಪಲ್ಯಗಳ ಪಾತಿಗಳನ್ನೂ ಬೆಳೆಸಿಕೊಂಡು ಬಂದಿದ್ದಾರೆ. ಇಂತಹ ಕಟ್ಟಡವನ್ನು 1825ರಲ್ಲಿ ಕೆಡವಿ ಇಟ್ಟಿಗೆ ಮಾರುವುದಕ್ಕಾಗಿ ಹರಾಜಿಗಿಟ್ಟಿದ್ದರೆಂದರೆ ನಂಬುವುದು ಕಷ್ಟ. ದೊರೆ ಒಂದನೆಯ ವಿಲೆಮ್ ಅಡ್ಡಬಂದುದರಿಂದ ಅದು ಉಳಿಯಿತು.

ಉಟ್ರೆಕ್ಟ್ ನಗರದಿಂದ ಅದೇ ವೆಕ್ಟ್ ನದಿಯ ದಡವನ್ನು ಹಿಡಿದು ಉತ್ತರಕ್ಕೆ ಸೈಕಲ್ಲಿನಲ್ಲಿ ಹೊರಟರೆ ಒಂದು ಗಂಟೆಯೊಳಗೆ ಜಾಯ್ಲೆನ್ ಕೋಟೆಮನೆಗೆ ಹೋಗಿ ಸೇರಬಹುದು. ನಾನು ಅಲ್ಲಿಗೆ ಹೋದದ್ದು ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ. 1740ರಲ್ಲಿ ಈ ಮನೆಯಲ್ಲಿ ಹುಟ್ಟಿದ ಬೆಲ್ಲೆ ಎಂಬ ಹೆಣ್ಣುಮಗಳು ತನ್ನ ಕುಲೀನವರ್ಗದ ಪೊಳ್ಳು ಹೆಮ್ಮೆಯನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಕಥೆ ಬರೆದು ಪ್ರಕಟಿಸಿದಾಗ, ಹೆತ್ತವರೇ ಆ ಪುಸ್ತಕವನ್ನು ಮಾರಾಟದಿಂದ ಹಿಂತೆಗೆಸಿದರು. ಆಕೆಯ ಕೋಣೆಯನ್ನು ತೋರಿಸುತ್ತಾರೆ, ನೋಡತಕ್ಕದ್ದೇ. ಆದರೆ ಹೊರಗೆ ಬಂದು ಅಗಳಿನಾಚೆಗೆ ನಡೆದಾಗ ಎದುರಾದ ಒಂದು ಗೋಡೆ ನನ್ನನ್ನು ಆ ದಿನವೆಲ್ಲ ಹಿಡಿದು ನಿಲ್ಲಿಸಿತು.

ಹದಿನೆಂಟನೆಯ ಶತಮಾನದ ಈ ಇಟ್ಟಿಗೆಯ ಗೋಡೆ ನೆಟ್ಟಗಿಲ್ಲ. ಹಾವು ಹರಿದಂತೆ ಬಳುಕಿ ಬಳುಕಿ ಸಾಗುತ್ತದೆ, ಸರ್ಪಗೋಡೆಯೆಂದೇ ಡಚ್ಚರು ಅದನ್ನು ಕರೆಯುತ್ತಾರೆ. ಕಾಣುವುದಕ್ಕೆ ಅಲಂಕಾರವೆನಿಸಿದರೂ ಅದರಲ್ಲಿ ಅಡಗಿರುವುದು ಅಪ್ಪಟ ಮಿತವ್ಯಯದ ಬುದ್ಧಿ. ಅಷ್ಟು ತೆಳ್ಳಗಿನ ಗೋಡೆಯನ್ನು ನೇರವಾಗಿ ಎಬ್ಬಿಸಿದ್ದರೆ ಆ ಬಯಲ ಗಾಳಿಗೆ ಒರಗಿಬೀಳುತ್ತಿತ್ತು, ಅಥವಾ ಮಾರುಮಾರಿಗೂ ಒತ್ತುಗಂಬ ಕೊಡಬೇಕಾಗುತ್ತಿತ್ತು. ಬಳುಕಿನಿಂದಲೇ ಅದಕ್ಕೆ ಬಲ ಬಂದಿದೆ. ಅದಕ್ಕಿಂತ ಹೆಚ್ಚಿನದು ಬಳುಕಿನ ಒಳಮಗ್ಗುಲು. ಅಲ್ಲಿಗೆ ಗಾಳಿ ತಟ್ಟದು. ಹಗಲೆಲ್ಲ ಬಿಸಿಲನ್ನು ಹೀರಿದ ಇಟ್ಟಿಗೆ ಸಂಜೆಯ ಮೇಲೆ ಆ ಕಾವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಆದ್ದರಿಂದ ಆ ಶೀತದೇಶದಲ್ಲಿ ಹೊರಗೆ ಬಯಲಿನಲ್ಲಿ ಹಣ್ಣಾಗಲು ಹಿಂಜರಿಯುವ ಅಂಜೂರ, ದ್ರಾಕ್ಷಿ, ಪೀಚ್‌ಗಳು ಆ ಮಡಿಲುಗಳಲ್ಲಿ ಮಾಗುತ್ತವೆ. ನಾನು ನಿಂತಿದ್ದಾಗ ನಡುವಯಸ್ಸು ಮೀರಿದ ತೋಟಗಾರ್ತಿಯೊಬ್ಬರು ಮಂಡಿಯೂರಿ ಒಂದು ಕೊಂಬೆಯನ್ನು ಗೋಡೆಗೆ ಬಿಗಿದ ತಂತಿಗೆ ಕಟ್ಟುತ್ತಿದ್ದರು. ಕಟ್ಟಿದ ನಾರು ಕೊಂಬೆಯನ್ನು ಕೊಯ್ಯದಂತೆ ನಡುವೆ ಕಿರುಬೆರಳು ತೂರುವಷ್ಟು ಎಡೆ ಬಿಟ್ಟು, ಗಂಟು ಹಾಕಿ, ಒಮ್ಮೆ ಅಲುಗಿಸಿ ನೋಡಿ, ಮುಂದಿನದಕ್ಕೆ ಸರಿದರು. ಮಲ್ಲಿಗೆಯ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವಾಗ ನನ್ನ ತಾಯಿ ಬಾಳೆಯ ನಾರಿನಿಂದ ಹಾಕುತ್ತಿದ್ದ ಗಂಟೂ ಅದೇ ಬಗೆಯದು. ಅಂಗೈಯನ್ನು ಇಟ್ಟಿಗೆಯ ಮೇಲಿಟ್ಟು ನೋಡಿದೆ. ಸೂರ್ಯನು ಮೋಡಕ್ಕೆ ಸರಿದು ಬಹಳ ಹೊತ್ತಾಗಿದ್ದರೂ ಗೋಡೆ ಇನ್ನೂ ಬೆಚ್ಚಗಿತ್ತು.

ಗೋಡೆ ಹಳೆಯದು ನಿಜ. ಆ ಕೊಂಬೆ ಹಳೆಯದಲ್ಲ, ಆ ನಾರು ಅಂದು ಬೆಳಗ್ಗೆ ಚೀಲದಿಂದ ತೆಗೆದದ್ದು. ಹಾಗಿದ್ದೂ ಆ ತೋಟವನ್ನು ನಾವು ಇನ್ನೂರೈವತ್ತು ವರ್ಷ ಹಳೆಯದೆಂದು ಕರೆಯುತ್ತೇವೆ; ಸರಿಯಾಗಿಯೇ ಕರೆಯುತ್ತೇವೆ. ಕಟ್ಟಡವನ್ನು ಒಂದು ತಲೆಮಾರು ಅಲಕ್ಷಿಸಿದರೂ ಗೋಡೆಯ ಕೆಲಭಾಗವಾದರೂ ನಿಂತಿರುತ್ತದೆ. ತೋಟವನ್ನು ಮೂರು ಬೇಸಗೆ ಕೈಬಿಟ್ಟರೆ ನಾಲ್ಕನೆಯ ಬೇಸಗೆಗೆ ಅದು ಪೊದೆ. ಆದುದರಿಂದ ತೋಟದ ವಯಸ್ಸೆಂದರೆ, ತಡೆಯಿಲ್ಲದೆ ಅದರಲ್ಲಿ ನಡೆದುಬಂದ ಕೆಲಸದ ವಯಸ್ಸು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡೇ ಡಚ್ಚರ ಕೋಟೆತೋಟಗಳನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಹಾಗೆ ನೋಡಿದಾಗ ಪ್ರಸಿದ್ಧವಾದವು ಕೆಲವು ತುಸು ಹಿಂದಕ್ಕೆ ಸರಿದು, ಮಾರ್ಗದರ್ಶಿ ಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸಿಬಿಡುವ ಸ್ಥಳಗಳು ಮುಂದೆ ಬರುತ್ತವೆ.

ಪ್ರಸಿದ್ಧವಾದವುಗಳಲ್ಲಿ ಅಗ್ರಗಣ್ಯವಾದುದು ಆಪೆಲ್ಡೋರ್ನ್ ನಗರದ ಹೆಟ್ ಲೋ ಅರಮನೆ. 1680ರ ದಶಕದಲ್ಲಿ, ಮುಂದೆ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ ಮೂರನೆಯ ವಿಲಿಯಂ ಮತ್ತು ಮೇರಿ ದಂಪತಿಗಳಿಗಾಗಿ ಇದು ನಿರ್ಮಾಣವಾಯಿತು. ಗೆರೆ ಎಳೆದಂತಹ ಹಾದಿಗಳು, ರತ್ನಗಂಬಳಿಯ ಮೇಲಣ ಚಿತ್ತಾರದಂತೆ ಕುಳ್ಳ ಬೇಲಿಗಿಡಗಳಿಂದ ಬರೆದ ಪಾತಿಗಳು, ಕಾರಂಜಿಗಳು, ಶಿಲಾಪ್ರತಿಮೆಗಳು ಇವೆಲ್ಲವುಗಳಿಂದ ಕೂಡಿ ಅಂದಿನ ಯೂರೋಪಿಗೆ ಅದು ಒಂದು ಬೆರಗಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೆಪೋಲಿಯನ್ನನ ಸೋದರ ಲೂಯಿ ಅಲ್ಲಿಗೆ ದೊರೆಯಾಗಿ ಬಂದಾಗ ರುಚಿ ಬದಲಾಗಿದ್ದಿತು. ಹಳೆಯ ತೋಟದ ಮೇಲೆ ಮಣ್ಣು ಸುರಿಸಿ, ಹುಲ್ಲುಗಾವಲೂ ಮರದ ಗುಂಪುಗಳೂ ಸಹಜವೆಂಬಂತೆ ಹರಡಿದ ಇಂಗ್ಲಿಷ್ ಮಾದರಿಯ ವನವನ್ನು ಮಾಡಿಸಿದನು. ಸುಮಾರು 170 ವರ್ಷಗಳ ತರುವಾಯ, 1977ರಿಂದ 1984ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಆ ವನವನ್ನು ತೆಗೆದು, ಮಣ್ಣಿನಡಿಯ ಕುರುಹುಗಳನ್ನೂ ಹಳೆಯ ಕೆತ್ತನೆಚಿತ್ರಗಳನ್ನೂ ವಾಲ್ಟರ್ ಹ್ಯಾರಿಸ್ ಎಂಬ ವೈದ್ಯನು 1699ರಲ್ಲಿ ಪ್ರಕಟಿಸಿದ ವರ್ಣನೆಯನ್ನೂ ಆಧರಿಸಿ ಹದಿನೇಳನೆಯ ಶತಮಾನದ ತೋಟವನ್ನು ಮರಳಿ ಎಬ್ಬಿಸಿದರು. ಅರಮನೆಯ ಗೋಡೆಗೆ ಬಳಿದಿದ್ದ ಬಿಳಿಯ ಗಾರೆಯನ್ನೂ, ಇಪ್ಪತ್ತನೆಯ ಶತಮಾನದಲ್ಲಿ ಸೇರಿಸಿದ್ದ ಮೇಲಂತಸ್ತನ್ನೂ ತೆಗೆದುಹಾಕಿದರು.

ನೋಡಿದವರು ಮೆಚ್ಚದಿರಲಾರರು; ನಾನೂ ಮೆಚ್ಚಿದೆ. ಆದರೂ ಅರಮನೆಯ ಮಹಡಿಯ ಮೇಲೆ ನಿಂತು ಕೆಳಗಿನ ಪಾತಿಗಳ ಪರಿಪೂರ್ಣತೆಯನ್ನು ಕಾಣುತ್ತಿದ್ದಾಗ, ಒಂದೂವರೆ ಶತಮಾನದ ಪ್ರಾಯದ ಮರಗಳನ್ನು ಉರುಳಿಸಿದ ದಿನ ಅಲ್ಲಿಯ ತೋಟಗಾರರ ಮನಸ್ಸು ಹೇಗಿದ್ದಿರಬಹುದೆಂಬ ಆಲೋಚನೆ ಬಿಡದೆ ಕಾಡಿತು. ವಿಲಿಯಂ ದೊರೆಯ ಕಾಲ ಇತಿಹಾಸವಾದರೆ ಲೂಯಿಯ ಕಾಲವೂ ಇತಿಹಾಸವೇ ಅಲ್ಲವೆ? ಒಂದು ಪದರವನ್ನು ಬೆಳಕಿಗೆ ತರಲು ಮತ್ತೊಂದನ್ನು ಅಳಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು? ಅಲ್ಲಿಯೂ ಈ ಪ್ರಶ್ನೆ ಚರ್ಚೆಗೆ ಬಾರದಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅಂತಹ ಪುನಃಸೃಷ್ಟಿ ಒಂದು ದೇಶಕ್ಕೆ ಒಂದಿದ್ದರೆ ಸಾಕು. ಅದನ್ನು ಈಗ ಜೀವಂತವಾಗಿರಿಸುತ್ತಿರುವುದೂ ನಿತ್ಯದ ಕೆಲಸವೇ ಎಂಬುದನ್ನು ಮರೆಯಬಾರದು: ಬೇಲಿಯ ಬಾಕ್ಸ್ ಗಿಡಗಳಿಗೆ ಶಿಲೀಂಧ್ರದ ರೋಗ ತಗುಲಿದಾಗ ಅವನ್ನು ಕಿತ್ತು, ಅದೇ ಎಲೆ ಅದೇ ಎತ್ತರದ ಬೇರೊಂದು ಜಾತಿಯ ಗಿಡವನ್ನು ನೆಟ್ಟು, ಚಿತ್ತಾರದ ಒಂದು ಗೆರೆಯೂ ಕದಲದಂತೆ ನೋಡಿಕೊಂಡರು.

ಉಟ್ರೆಕ್ಟಿನ ಬಳಿಯ ದ ಹಾರ್ ಕೋಟೆಯದು ಬೇರೆಯೇ ಕಥೆ. ಪಾಳುಬಿದ್ದ ಪಿತ್ರಾರ್ಜಿತ ದುರ್ಗವನ್ನು ಬ್ಯಾರನ್ ಎತಿಯೆನ್ ಫಾನ್ ಜಾಯ್ಲೆನನು, ತನ್ನ ಪತ್ನಿ ಎಲೆನ್ ದ ರಾಥ್ಸ್‌ಚೈಲ್ಡಳ ಮನೆತನದ ಸಂಪತ್ತಿನ ಬಲದಿಂದ, 1892ರಿಂದ 1912ರವರೆಗೆ ಪುನಃ ಕಟ್ಟಿಸಿದನು. ಶಿಲ್ಪಿ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಮತ್ತು ಕೇಂದ್ರ ರೈಲುನಿಲ್ದಾಣಗಳನ್ನು ಕಟ್ಟಿದ ಪಿಯೆರ್ ಕಾಯ್ಪರ್ಸ್. ವನಕ್ಕೆ ಎಡೆ ಸಾಲದೆಂದು ಹಾರ್‌ಜಾಯ್ಲೆನ್ಸ್ ಎಂಬ ಇಡೀ ಹಳ್ಳಿಯನ್ನು ಎತ್ತಿ ಬೇರೆಡೆಗೆ ಸಾಗಿಸಲಾಯಿತು. ಗಿಡಗಳು ಬೆಳೆಯುವವರೆಗೆ ಕಾಯಲು ಮನಸ್ಸಿಲ್ಲದೆ, ನಲವತ್ತು ವರ್ಷ ಬೆಳೆದ 7000 ಮರಗಳನ್ನು ಕಿತ್ತು ತಂದು ನೆಡಿಸಿದರು. ಗೋಪುರಗಳು ಮನೋಹರವಾಗಿವೆ, ಮಕ್ಕಳಿಗೆ ಕಥೆಯ ಕೋಟೆಯೇ ಕಣ್ಣೆದುರು ನಿಂತಂತಾಗುತ್ತದೆ. ಆದರೆ ಅಲ್ಲಿಗೆ ಹೋದವರು ಸ್ಥಳಾಂತರಗೊಂಡ ಆ ಹಳ್ಳಿಯವರೆಗೂ ನಡೆದುಹೋಗಿ, ಒಡೆಯನ ಲಾಂಛನದ ಕೆಂಪು ಬಿಳಿ ಬಣ್ಣವನ್ನು ಇಂದಿಗೂ ಹೊತ್ತಿರುವ ಕಿಟಕಿಬಾಗಿಲುಗಳನ್ನು ಒಮ್ಮೆ ನೋಡಬೇಕು. ತಮ್ಮ ಮನೆಗಳಿದ್ದ ನೆಲದಲ್ಲಿ ಬೇರೊಬ್ಬರ ಮರಗಳು ಬೆಳೆಯುವುದನ್ನು ಕಂಡವರ ಊರು ಅದು. ಅಣೆಕಟ್ಟುಗಳಿಗಾಗಿ ಊರು ಬಿಟ್ಟವರ ಮಕ್ಕಳು ನಮ್ಮ ನಾಡಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸೌಂದರ್ಯಕ್ಕೆಲ್ಲ ಹಣ ಎಲ್ಲಿಂದ ಬಂತೆಂದು ಕೇಳದೆ ನೋಡಿ ಬರುವುದು, ವಿಶೇಷವಾಗಿ ನಮ್ಮಂತಹವರಿಗೆ, ಸಲ್ಲದು. ಕ್ಯೂಕೆನ್‌ಹೋಫಿನ ಮನೆಯನ್ನು ಕಟ್ಟಿಸಿದವನೇ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಪೂರ್ವದ್ವೀಪಗಳಲ್ಲಿ ಅಧಿಕಾರ ನಡೆಸಿದ್ದವನು. ವೆಕ್ಟ್ ನದಿಯ ಇಕ್ಕೆಲದ ಬೇಸಗೆಮನೆಗಳಲ್ಲಿ ಅನೇಕವು ಆಮ್‌ಸ್ಟರ್‌ಡ್ಯಾಮಿನ ವರ್ತಕರವು; ಅವರ ಲಾಭದಲ್ಲಿ ಮೆಣಸು, ಲವಂಗ, ಸಕ್ಕರೆಗಳ ಪಾಲಿತ್ತು, ಗುಲಾಮರ ದುಡಿಮೆಯ ಪಾಲೂ ಇತ್ತು. 2023ರ ಜುಲೈ 1ರಂದು ದೊರೆ ವಿಲೆಮ್ ಅಲೆಕ್ಸಾಂಡರ್ ಅವರು ದಾಸ್ಯದ ಆ ಇತಿಹಾಸಕ್ಕಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಇದೇ ಕಂಪನಿ ಕೆಳದಿಯ ಅರಸರೊಡನೆ ಒಪ್ಪಂದ ಮಾಡಿಕೊಂಡು ಬಸರೂರಿನಲ್ಲಿ ಕೋಠಿಯನ್ನಿಟ್ಟು ನಮ್ಮ ಕರಾವಳಿಯ ಅಕ್ಕಿಯನ್ನು ಕೊಳ್ಳುತ್ತಿದ್ದಿತು. ಆ ಕಾಲದಲ್ಲಿಯೇ ಕೊಚ್ಚಿಯಲ್ಲಿ ಕಂಪನಿಯ ಅಧಿಪತಿಯಾಗಿದ್ದ ಹೆಂಡ್ರಿಕ್ ಫಾನ್ ರೇಡೆ, ಆಮೆರೊಂಗೆನ್ ಕೋಟೆಯ ಒಡೆಯರಾದ ರೇಡೆ ಮನೆತನಕ್ಕೆ ಸೇರಿದವನು. ಇಟ್ಟಿ ಅಚ್ಯುತನ್ ಎಂಬ ಮಲಯಾಳೀ ವೈದ್ಯನ, ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರ ಜ್ಞಾನವನ್ನು ಆಧರಿಸಿ, 700ಕ್ಕೂ ಮಿಕ್ಕಿದ ನಮ್ಮ ಪಶ್ಚಿಮ ಕರಾವಳಿಯ ಸಸ್ಯಗಳನ್ನು ಕುರಿತು ಅವನು ಸಿದ್ಧಪಡಿಸಿದ 'ಹೋರ್ಟುಸ್ ಮಲಬಾರಿಕುಸ್' ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಚಿತ್ರಪಟಗಳಲ್ಲಿ ಗಿಡದ ಹೆಸರು ನಾಗರೀ ಲಿಪಿಯಲ್ಲಿಯೂ ಇದೆ. ಅಂದಿನ ಡಚ್ಚರ ತೋಟಗಳಿಗೆ ಬೀಜ ಗೆಡ್ಡೆಗಳು ಹಡಗಿನಲ್ಲಿ ಬರುತ್ತಿದ್ದ ಕಾಲವದು. ವೆಕ್ಟ್ ದಡದ ತನ್ನ ಫೈವರ್‌ಹೋಫ್ ತೋಟದಲ್ಲಿ ಅಗ್ನೇಟಾ ಬ್ಲಾಕ್ ಎಂಬ ಮಹಿಳೆ 1687ರಲ್ಲಿ ಅನಾನಸ್ ಹಣ್ಣನ್ನು ಬೆಳೆದು ತೋರಿಸಿದಾಗ ಇಡೀ ಯೂರೋಪಿಗೆ ಅದು ಸೋಜಿಗ. ಅವಳ ತೋಟ ಈಗ ಉಳಿದಿಲ್ಲ. ಯಾನ್ ವೇನಿಕ್ಸ್ ಬರೆದ ಕುಟುಂಬಚಿತ್ರದ ಒಂದು ಮಗ್ಗುಲಲ್ಲಿ ಆ ಅನಾನಸ್ ಗಿಡ ಮಾತ್ರ ನಿಂತಿದೆ.

ಉಳಿಯದೆ ಹೋದ ತೋಟಗಳೇ ಹೆಚ್ಚು. ಉತ್ತರದ ಗ್ರೋನಿಂಗೆನ್ ಪ್ರಾಂತದಲ್ಲಿ ಬೋರ್ಗ್ ಎಂದು ಕರೆಯುವ ಕೋಟೆಮನೆಗಳು ಒಂದು ಕಾಲಕ್ಕೆ ಸುಮಾರು ಇನ್ನೂರು ಇದ್ದುವು, ಈಗ ಉಳಿದಿರುವುವು ಹದಿನಾರರಷ್ಟು. ಈ ನಷ್ಟವನ್ನು ಕಂಡೇ ಡಚ್ಚರು 1928ರಲ್ಲಿ ನಿಸರ್ಗಸೌಂದರ್ಯ ಶಾಸನವೊಂದನ್ನು ತಂದರು: ತನ್ನ ಎಸ್ಟೇಟನ್ನು ತುಂಡು ಮಾಡಿ ಮಾರದೆ ಇಡಿಯಾಗಿ ಕಾಪಾಡಿಕೊಂಡು ಬರುವ ಒಡೆಯನಿಗೆ ತೆರಿಗೆಯಲ್ಲಿ ರಿಯಾಯಿತಿ, ಅದನ್ನು ಸಾರ್ವಜನಿಕರ ಸಂಚಾರಕ್ಕೆ ತೆರೆದಿಟ್ಟರೆ ಇನ್ನೂ ಹೆಚ್ಚಿನ ರಿಯಾಯಿತಿ. ಒಡೆಯನ ಸ್ವಾರ್ಥವನ್ನೇ ಹಿಡಿದು ಲೋಕಕ್ಕೆ ಹಾದಿ ತೆರೆಸಿದ ಈ ಕಾನೂನು, ನನ್ನ ದೃಷ್ಟಿಯಲ್ಲಿ, ಅಲ್ಲಿಯ ಎಷ್ಟೋ ಗೋಪುರಗಳಿಗಿಂತ ಹೆಚ್ಚು ಪ್ರೇಕ್ಷಣೀಯ. ಆ ಶಾಸನದ ಮರುವರ್ಷವೇ, 1929ರಲ್ಲಿ, ಗೆಲ್ಡರ್‌ಲೆಂಡ್ ಪ್ರಾಂತದಲ್ಲಿ ಹುಟ್ಟಿದ ಸಂರಕ್ಷಣಾಸಂಸ್ಥೆಯ ವಶದಲ್ಲಿ ಇಂದು ರೋಜೆಂಡಾಲ್ ಮೊದಲಾದ ಅನೇಕ ಕೋಟೆಗಳಿವೆ. ಮರೆಯಲ್ಲಿ ಅಡಗಿಸಿದ ಕೊಳವೆಗಳಿಂದ ಹಾದಿಹೋಕರ ಮೇಲೆ ನೀರು ಚಿಮ್ಮಿಸುವ ಅಲ್ಲಿಯ ಹಳೆಯ ಕಾರಂಜಿ ಇಂದಿಗೂ ಮಕ್ಕಳನ್ನು ನಗಿಸುತ್ತಿದೆ.

ಆಮ್‌ಸ್ಟೆಲ್‌ವೇನ್, ಐಂಡ್‌ಹೋವೆನ್ ಮೊದಲಾದ ಊರುಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿದ ಕನ್ನಡಿಗರು ಈಗ ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿಗೆ ಬೇಸಗೆಯಲ್ಲಿ ತಂದೆತಾಯಿಗಳು ಹೋಗಿ ಎರಡು ಮೂರು ತಿಂಗಳು ಇದ್ದು ಬರುವುದೂ ಉಂಟು. ಮಕ್ಕಳು ಕೆಲಸಕ್ಕೆ ಹೋದ ಹಗಲು ನಾಲ್ಕು ಗೋಡೆಗಳ ನಡುವೆ ಅವರಿಗೆ ಹೊತ್ತು ಹೋಗದು. ಹಿತ್ತಿಲಲ್ಲಿ ಕರಿಬೇವು, ದಾಸವಾಳಗಳನ್ನು ಸಾಕಿ ಬಲ್ಲ ಈ ಹಿರಿಯರೇ ಆ ತೋಟಗಳಿಗೆ ತಕ್ಕ ಪ್ರೇಕ್ಷಕರೆಂದು ನನ್ನ ನಂಬಿಕೆ. ದಿನಕ್ಕೆ ಒಂದೇ ಕೋಟೆ ಸಾಕು. ಮೊದಲು ತೋಟ, ಆಮೇಲೆ ಮನೆ. ತೋಟದಲ್ಲಿಯೂ ಹೂವಿನ ಪಾತಿಗಿಂತ ಮೊದಲು, ಗೊಬ್ಬರದ ಗುಂಡಿ, ಸಸಿಮಡಿ, ಗಾಜಿನ ಮನೆ, ಹಣ್ಣಿನ ಗೋಡೆ ಇವನ್ನು ನೋಡಬೇಕು; ಕೆಲಸ ಮಾಡುತ್ತಿರುವವರನ್ನು ಮಾತನಾಡಿಸಬೇಕು. ಅನೇಕ ಕಡೆ ಅವರು ಸಂಬಳವಿಲ್ಲದೆ ವಾರಕ್ಕೊಂದೆರಡು ದಿನ ಬಂದು ದುಡಿಯುವ ನಿವೃತ್ತರು, ಗಿಡದ ಮಾತೆತ್ತಿದರೆ ಬಾಯಿತುಂಬ ಮಾತನಾಡುತ್ತಾರೆ. ಚಳಿಗೆ ಹೆದರದವರು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಫ್ರೀಸ್‌ಲೆಂಡಿನ ಡೆಕೆಮಾ, ಮಾರ್ಟೆನಾ ಎಂಬ ಹಳೆಯ ನಿವೇಶನಗಳಿಗೆ ಹೋಗಬೇಕು. ಎಂದೋ ಒಡೆಯರು ನೆಟ್ಟ ಗೆಡ್ಡೆಗಳು ತಾವಾಗಿ ಮರಿಹಾಕಿ, ಎಲೆಯುದುರಿದ ಮರಗಳಡಿಯಲ್ಲಿ ಬಿಳಿ, ನೇರಳೆ, ಹಳದಿ ಹೂಗಳ ಹಾಸನ್ನೇ ಹಾಸಿರುತ್ತವೆ. ಕಲ್ಲುಮನೆಯೆಂಬರ್ಥದ ಸ್ಟಿನ್ಸ್ ಎಂಬ ಪದದಿಂದ ಅವುಗಳಿಗೆ ಸ್ಟಿನ್ಸ್ ಗಿಡಗಳೆಂದೇ ಹೆಸರು. ಮಾರ್ಟೆನಾದ ಹಳೆಯ ಮನೆ ಅಳಿದರೂ ಅಲ್ಲಿಯ ಹೂಗಳು ಅಳಿಯಲಿಲ್ಲ.

ನಾನು ಮತ್ತೊಮ್ಮೆ ಹೋಗುವುದಾದರೆ ಮೇ ತಿಂಗಳ ನಡುವಿನಲ್ಲಿ ಪೂರ್ವದ ಡೆಲ್ಡೆನ್ ಊರಿನ ಟ್ವಿಕೆಲ್ ಕೋಟೆಗೆ ಹೋಗಬೇಕೆಂದಿದ್ದೇನೆ. 1347ರಿಂದ ನಡೆದುಬಂದ ಆ ಎಸ್ಟೇಟನ್ನು, ಮಕ್ಕಳಿಲ್ಲದ ಕೊನೆಯ ಬ್ಯಾರನೆಸ್ 1953ರಲ್ಲಿ ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿದಳು. 4000 ಹೆಕ್ಟೇರಿಗೂ ಮೀರಿದ ಹೊಲ, ಕಾಡು, ಒಕ್ಕಲುಮನೆಗಳು ಇಂದಿಗೂ ಒಡೆಯದೆ ಒಂದಾಗಿವೆ. ಅಲ್ಲಿಯ ಕಿತ್ತಳೆಗಿಡಗಳು ನೆಲದಲ್ಲಿಲ್ಲ, ಮರದ ದೊಡ್ಡ ತೊಟ್ಟಿಗಳಲ್ಲಿವೆ. ಆರೆಂಜ್ ಎಂಬುದು ಡಚ್ ರಾಜವಂಶದ ಹೆಸರೂ ಆದುದರಿಂದ ಅಲ್ಲಿಯ ಕುಲೀನರಿಗೆ ಆ ಹಣ್ಣಿನ ಮೇಲೆ ವಿಶೇಷ ಮಮತೆ. ಶರತ್ಕಾಲದಲ್ಲಿ ಅವನ್ನು ಎತ್ತರದ ಕಿಟಕಿಗಳುಳ್ಳ ಚಳಿಮನೆಯೊಳಕ್ಕೆ ಸೇರಿಸಿ, ಮೇ ತಿಂಗಳ ಎರಡನೆಯ ವಾರದಲ್ಲಿ ಬರುವ ಹಿಮಸಂತರ ದಿನಗಳು ಕಳೆಯುವವರೆಗೆ ಕಾಯುತ್ತಾರೆ. ಆ ದಿನಗಳು ದಾಟಿದರೆ ಇರುಳಿನ ಹಿಮ ಬೀಳದೆಂಬುದು ಅಲ್ಲಿಯ ರೈತರ ಹಳೆಯ ಲೆಕ್ಕ, ನಮ್ಮವರ ಮಳೆನಕ್ಷತ್ರಗಳ ಲೆಕ್ಕದ ಹಾಗೆ. ಅನಂತರ ಒಂದು ಬೆಳಗ್ಗೆ ಬಾಗಿಲುಗಳನ್ನೆಲ್ಲ ತೆರೆದು, ತೊಟ್ಟಿಗಳನ್ನು ಒಂದೊಂದಾಗಿ ಬಂಡಿಗೇರಿಸಿ, ಕೊಂಬೆ ತಗುಲದಂತೆ ಒಬ್ಬರು ಮುಂದೆ ನಡೆಯುತ್ತ, ಹೊರಗಿನ ಬಿಸಿಲಿಗೆ ತಂದು ಸಾಲಾಗಿ ಇರಿಸುತ್ತಾರೆ.